ಕಿಲುಬೋ, ಕಾಲದ ಬಣ್ಣವೋ?

ಮಳೆ ಬಿಟ್ಟ ಮೇಲೆ ಸಂಪಾಜೆಯ ಮನೆಗಳಲ್ಲಿ ಹಳೆಯ ಪೆಟ್ಟಿಗೆಗಳ ಮುಚ್ಚಳ ತೆರೆಯುತ್ತದೆ. ಟಿಪ್ಪುವಿನ ಆನೆ, ಕಂಪನಿಯ ಕಾಲಾಣೆ, ರಾಣಿಯ ತಲೆ ಎಲ್ಲವೂ ಕಪ್ಪಗೆ, ಕಂದಾಗಿ, ಅಲ್ಲಲ್ಲಿ ಹಸಿರಾಗಿ ಹೊರಬರುತ್ತವೆ. ಹುಣಸೆಹಣ್ಣಿಗೆ ಕೈ ಹಾಕುವ ಮೊದಲು ಒಂದು ನಿಮಿಷ ನಿಲ್ಲಿ. ಆ ಬಣ್ಣದಲ್ಲಿ ಯಾವುದು ಕಾಸನ್ನು ಕಾಯುತ್ತಿದೆ, ಯಾವುದು ತಿನ್ನುತ್ತಿದೆ ಎಂದು ಬರಿಗಣ್ಣಿನಲ್ಲೇ ಅರ್ಧ ತಿಳಿಯಬಹುದು.

ಅಂಗಳದ ಪಾಚಿ ಕೆರೆಸಿ ಆಗಿದೆ. ಒಂದು ಬದಿಯಲ್ಲಿ ಮೊದಲ ಕೊಯ್ಲಿನ ಅಡಿಕೆ, ಇನ್ನೊಂದು ಬದಿಯಲ್ಲಿ ಚಾಪೆ, ಕಂಬಳಿ, ಮುಗ್ಗಲು ವಾಸನೆಯ ಬಟ್ಟೆ. ಸಂಪಾಜೆಗೆ ನಾಲ್ಕು ತಿಂಗಳ ಮೇಲೆ ಗಟ್ಟಿ ಬಿಸಿಲು ಬಿದ್ದಿದೆ.

ಜಗಲಿಯಲ್ಲಿ ಅಜ್ಜಿಯೊಬ್ಬರು ದೀಪಾವಳಿಗೆ ದೀಪ, ಚೆಂಬು, ಹರಿವಾಣ ತೊಳೆಯಲು ಕೂತಿದ್ದಾರೆ. ಎದುರಿಗೆ ಹುಣಸೆಹಣ್ಣಿನ ಉಂಡೆ, ಕಲ್ಲುಪ್ಪು, ಒಲೆಯ ಬೂದಿ. ದೇವರ ಕೋಣೆಯ ಪೆಟ್ಟಿಗೆಯಿಂದ ತಂದ ಅರಿಸಿನ ಬಟ್ಟೆಯ ಗಂಟನ್ನು ಬಿಚ್ಚಿದರೆ ಹಿಡಿಯಷ್ಟು ತಾಮ್ರದ ಕಾಸು. ಎಂದೋ ಯಾರೋ ಹರಕೆಗೆಂದು ಕಟ್ಟಿಟ್ಟ ಮುಡಿಪು.

ಮೈಸೂರಿನಲ್ಲಿ ಓದುವ ಮೊಮ್ಮಗ ಓಡಿ ಬಂದ. "ಅಜ್ಜಿ, ದೀಪ ತಿಕ್ಕಿ, ಚೆಂಬು ತಿಕ್ಕಿ. ಕಾಸು ಮಾತ್ರ ಮುಟ್ಟಬೇಡಿ."

"ಲಕ್ಷ್ಮಿ ಎದುರು ಹೀಗೆ ಕರಿ ಕರಿ ಇಡ್ಲಿಕ್ಕೆ ಆಗ್ತದಾ ಮಗ? ಕಿಲುಬು ಹಿಡಿದಿದೆ ನೋಡು."

ಇಬ್ಬರ ಮಾತಿನಲ್ಲೂ ಸತ್ಯವಿದೆ. ಆ ಗಂಟಿನಲ್ಲಿ ಕಿಲುಬು ಹಿಡಿದ ಕಾಸುಗಳೂ ಇದ್ದವು. ಆದರೆ ಕರಿದಾದದ್ದೆಲ್ಲ ಕಿಲುಬಲ್ಲ, ಹಸಿರಾದದ್ದೆಲ್ಲ ಕೆಟ್ಟದ್ದೂ ಅಲ್ಲ. ಕೊಡಗಿನ ಬೆಟ್ಟ ಮುಗಿದು ಕರಾವಳಿಯ ಸೆಕೆ ಶುರುವಾಗುವ ಈ ಊರಿನಷ್ಟು ತಾಮ್ರವನ್ನು ಪರೀಕ್ಷೆಗೊಡ್ಡುವ ಹವೆ ಕರ್ನಾಟಕದಲ್ಲಿ ಹೆಚ್ಚು ಕಡೆ ಇಲ್ಲ. ಹಾಗಾಗಿ ಈ ಎರಡರ ವ್ಯತ್ಯಾಸ ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗವೂ ಇಲ್ಲ.

ಘಟ್ಟದ ಬಾಗಿಲಿಗೆ ಬಂದ ಕಾಸು

ಮಡಿಕೇರಿಯಿಂದ ಮಂಗಳೂರಿಗೆ ಇಳಿಯುವ ದಾರಿಯಲ್ಲಿ ಸಂಪಾಜೆ ಒಂದು ಹೊಸ್ತಿಲು. ಪಯಸ್ವಿನಿ ಹೊಳೆ ಇಲ್ಲಿಂದ ಸುಳ್ಯ ದಾಟಿ, ಚಂದ್ರಗಿರಿಯಾಗಿ ಕಾಸರಗೋಡಿನ ಬಳಿ ಕಡಲು ಸೇರುತ್ತದೆ. ಕೆಳಗಿನಿಂದ ಉಪ್ಪು, ಒಣಮೀನು ಮೇಲೆ ಹೋಗಬೇಕು. ಮೇಲಿನಿಂದ ಅಕ್ಕಿ, ಏಲಕ್ಕಿ, ಕರಿಮೆಣಸು ಕೆಳಗಿಳಿಯಬೇಕು. ಇಂಥ ದಾರಿಯಲ್ಲಿ ಒಂದೇ ಅರಸನ ನಾಣ್ಯ ನಡೆಯುವುದು ಸಾಧ್ಯವೇ ಇರಲಿಲ್ಲ.

ಆ ಗಂಟಿನಲ್ಲೂ ಅದೇ ಕಥೆ. ಆನೆಯ ಗುರುತಿನ ಟಿಪ್ಪು ಕಾಲದ ಪೈಸೆ. ಕನ್ನಡದಲ್ಲಿ 'ಮಯಿಲಿ ಕಾಸು' ಎಂದು ಬರೆದ ಮುಮ್ಮಡಿ ಕೃಷ್ಣರಾಜ ಒಡೆಯರ ನಾಣ್ಯ. 1835ರ ಇಸವಿ ಹೊತ್ತ ಈಸ್ಟ್ ಇಂಡಿಯಾ ಕಂಪನಿಯ ಕಾಲಾಣೆ. ವಿಕ್ಟೋರಿಯಾ ರಾಣಿಯ 1862ರ ಕಾಲಾಣೆ. ಕೊನೆಗೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹ ಉಳಿಸಲು ನಡುವೆ ತೂತು ಬಿಟ್ಟು ಅಚ್ಚು ಹಾಕಿದ ಒಂದು ಪೈಸೆ.

1835ರ ಆ ಕಾಲಾಣೆಗೆ ಈ ನೆಲದಲ್ಲಿ ವಿಶೇಷ ಅರ್ಥವಿದೆ. ಕೊಡಗಿನ ಅರಸರ ಕಾಲದಲ್ಲಿ ಅಮರ ಸುಳ್ಯ ಸೀಮೆಯ ರೈತರು ಕಂದಾಯವನ್ನು ಬೆಳೆಯ ರೂಪದಲ್ಲಿ ಅಳೆದು ಕೊಡುತ್ತಿದ್ದರು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು, ಅಮರ ಸುಳ್ಯವನ್ನು ಕೆನರಾ ಜಿಲ್ಲೆಗೆ ಸೇರಿಸಿದರು, ಕಂದಾಯವನ್ನು ನಗದಾಗಿಯೇ ಕಟ್ಟಬೇಕೆಂದರು. ಭತ್ತ ಇದ್ದವರ ಕೈಯಲ್ಲಿ ಕಾಸು ಇರಲಿಲ್ಲ. ಸಾಲ ಕೊಡುವವರ ಬಾಗಿಲಿಗೆ ಹೋಗಬೇಕಾಯಿತು. 1837ರ ಅಮರ ಸುಳ್ಯ ದಂಗೆಗೆ ಇದೂ ಒಂದು ದೊಡ್ಡ ಕಾರಣ. ಕೆದಂಬಾಡಿ ರಾಮಯ್ಯ ಗೌಡರು, ಗುಡ್ಡೆಮನೆ ಅಪ್ಪಯ್ಯ ಗೌಡರು ದಂಡು ಕಟ್ಟಿ ಹೊರಟ ಕಾಲಕ್ಕೆ ಈ ಕಾಲಾಣೆ ಟಂಕಸಾಲೆಯಿಂದ ಹೊರಬಂದು ಹೆಚ್ಚು ದಿನವಾಗಿರಲಿಲ್ಲ.

ಅಂಥ ಕಾಸಿನ ಮೇಲ್ಮೈಯಲ್ಲಿ ಸುಮಾರು ಎರಡು ಶತಮಾನದ ಗಾಳಿ, ಹೊಗೆ, ಬೆವರು ಕೂತಿದೆ. ಅದನ್ನು ಓದದೆ ತಿಕ್ಕಿ ತೆಗೆದರೆ ಮತ್ತೆ ಬರೆಸಲು ಯಾರಿಂದಲೂ ಆಗದು.

ತಾಮ್ರ ತಾನೇ ನೇಯ್ದುಕೊಳ್ಳುವ ಹೊದಿಕೆ

ಟಂಕಸಾಲೆಯಿಂದ ಬಂದ ಹೊಸ ತಾಮ್ರದ ಕಾಸು ನಸುಗುಲಾಬಿ ಕೆಂಪು. ಗಾಳಿ ತಗಲಿದ ಕೂಡಲೇ ಅದರ ಮೇಲ್ಮೈ ಆಮ್ಲಜನಕದೊಂದಿಗೆ ಬೆರೆಯಲು ಶುರು. ಮೊದಲು ಹುಟ್ಟುವುದು ಕ್ಯೂಪ್ರಸ್ ಆಕ್ಸೈಡ್ ಎಂಬ ಕೆಂಗಂದು ಪದರ. ಇದು ಕೂದಲೆಳೆಗಿಂತ ಸಾವಿರ ಪಾಲು ತೆಳ್ಳಗಿರುವಾಗ ಬೆಳಕು ಅದರ ಮೇಲಿನಿಂದಲೂ ಅಡಿಯಿಂದಲೂ ಪ್ರತಿಫಲಿಸಿ ನೇರಳೆ, ನೀಲಿ, ಹೊನ್ನಿನ ಛಾಯೆಗಳನ್ನು ಎಬ್ಬಿಸುತ್ತದೆ. ಕೆಲವು ಹಳೆಯ ಕಾಸುಗಳ ಅಂಚಿನಲ್ಲಿ ಕಾಣುವ ಕಾಮನಬಿಲ್ಲಿನ ಬಣ್ಣ ಇದೇ.

ಪದರ ದಪ್ಪವಾದಂತೆ ಬಣ್ಣ ಕಂದಾಗುತ್ತದೆ, ಆಮೇಲೆ ಗಾಢ ಕಂದು. ಗಾಳಿಯಲ್ಲಿ ಗಂಧಕದ ಅಂಶವಿದ್ದರೆ ಕಪ್ಪು ಸಲ್ಫೈಡ್ ಸೇರಿಕೊಳ್ಳುತ್ತದೆ. ತೇವ ಮತ್ತು ಇಂಗಾಲದ ಡೈಆಕ್ಸೈಡ್ ಬಹುಕಾಲ ಸಿಕ್ಕರೆ ಮೇಲೆ ಹಸಿರು ಕಾರ್ಬೊನೇಟ್. ಮ್ಯಾಲಕೈಟ್ ಎಂಬ ಹಸಿರು ಖನಿಜ ಇದೇ ವಸ್ತು.

ಈ ಪದರಗಳು ಗಟ್ಟಿಯಾಗಿ, ಒತ್ತೊತ್ತಾಗಿ ಕೂತರೆ ಒಳಗಿನ ಲೋಹಕ್ಕೆ ಗಾಳಿ, ನೀರು ಮುಟ್ಟುವುದು ಕಡಿಮೆಯಾಗುತ್ತದೆ. ಕಾಸು ತನ್ನದೇ ಲೋಹದ ತೀರಾ ಸಣ್ಣ ಪಾಲನ್ನು ಕೊಟ್ಟು ಉಳಿದದ್ದನ್ನು ಕಾಪಾಡಿಕೊಳ್ಳುತ್ತದೆ. ಸಂಗ್ರಹಕಾರರು ಟೋನಿಂಗ್ ಅಥವಾ ಪೆಟೀನಾ ಎನ್ನುವುದು ಇದಕ್ಕೆ.

ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆ 1886ರಲ್ಲಿ ನಿಂತಾಗ ತಾಮ್ರದ ಕೆಂಗಂದು ಬಣ್ಣದಲ್ಲೇ ಇತ್ತು. ಕಡಲ ಗಾಳಿಗೆ ಹಸಿರಾಗುತ್ತ ಬಂದಾಗ ಬಣ್ಣ ಬಳಿಯುವ ಮಾತು 1906ರಲ್ಲಿ ಎದ್ದಿತು, ಜನ ಒಪ್ಪಲಿಲ್ಲ. 1980ರ ದಶಕದಲ್ಲಿ ಇಡೀ ಪ್ರತಿಮೆಯನ್ನು ದುರಸ್ತಿ ಮಾಡಿದವರು ಒಳಗಿನ ಕಬ್ಬಿಣದ ಪಟ್ಟಿಗಳನ್ನು ಬದಲಿಸಿದರು. ಹಸಿರನ್ನು ಹಾಗೇ ಬಿಟ್ಟರು, ಏಕೆಂದರೆ ಅದು ತಗಡನ್ನು ಕಾಯುತ್ತಿತ್ತು.

ತೋಟದವರಿಗೆ ಗೊತ್ತಿರುವ ತಾಮ್ರ

ತಾಮ್ರದ ಸ್ವಭಾವವನ್ನು ಸಂಪಾಜೆಯ ರೈತರಿಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಮಳೆಗಾಲ ಶುರುವಾಗುವ ಮೊದಲೇ ಅಡಿಕೆ ತೋಟದಲ್ಲಿ ಡ್ರಮ್ಮು ಇಟ್ಟು ಮೈಲುತುತ್ತು ಕರಗಿಸುತ್ತಾರೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ 1885ರ ಹೊತ್ತಿಗೆ ಹೆಸರು ಮಾಡಿದ ಈ ದ್ರಾವಣವನ್ನು ಅಡಿಕೆಯ ಕೊಳೆರೋಗಕ್ಕೆ ಒಗ್ಗಿಸಿದವರು 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್.

ದ್ರಾವಣ ಹದವಾಗಿದೆಯೇ ಎಂದು ನೋಡಲು ತೋಟದಲ್ಲಿ ಒಂದು ಪರೀಕ್ಷೆ ಇದೆ. ಹೊಳಪಿನ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದರಲ್ಲಿ ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ದ್ರಾವಣದಲ್ಲಿ ಇನ್ನೂ ಬಿಡಿ ತಾಮ್ರ ಇದೆ, ಸುಣ್ಣ ಸಾಲದು ಎಂದರ್ಥ. ಹುಳಿ ಹೆಚ್ಚಿದ್ದ ಕಡೆ ತಾಮ್ರ ಕರಗಿ ಓಡಾಡುತ್ತದೆ, ಸುಣ್ಣದಂಥ ಕ್ಷಾರ ಬಿದ್ದರೆ ಕಟ್ಟಿಕೊಂಡು ಕೂರುತ್ತದೆ. ಈ ಒಂದು ವಿಷಯ ತಿಳಿದರೆ ಕಾಸಿನ ಮೇಲಿನ ಬಣ್ಣಗಳ ಹಿಂದಿನ ಅರ್ಧ ಗುಟ್ಟು ತಿಳಿದಂತೆ.

ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿಮಣ್ಣು. ಮಳೆ ಬಿದ್ದು ಬಿದ್ದು ಅದರ ಸುಣ್ಣದ ಅಂಶ ತೊಳೆದುಹೋಗಿರುತ್ತದೆ. ಅಲ್ಲಿ ಹುಗಿದ ಕಾಸಿನ ಮೇಲೆ ನಯವಾದ ಹಸಿರು ಹೊದಿಕೆ ಕಟ್ಟುವುದು ಕಷ್ಟ. ಲೋಹವೇ ಕರಗಿ ಮೈಯೆಲ್ಲ ಗುಳಿ ಬೀಳುತ್ತದೆ. ತೋಟದ ಬುಡ ಬಿಡಿಸುವಾಗ ಸಿಗುವ ಕಾಸುಗಳಲ್ಲಿ ಅಕ್ಷರ ಉಳಿದದ್ದು ಅಪರೂಪ.

ಅದೇ ಕಾಸು ಅಡುಗೆಮನೆಯ ಅಟ್ಟದಲ್ಲಿ ಇದ್ದಿದ್ದರೆ ಕಥೆ ಬೇರೆ. ಒಲೆಯ ಶಾಖಕ್ಕೆ ಅಟ್ಟ ಮಳೆಗಾಲದಲ್ಲೂ ಒಣಗಿರುತ್ತದೆ. ಹೊಗೆ ಹಿಡಿದು ಕಾಸು ಕಪ್ಪಾಗುತ್ತದೆ, ಆದರೆ ತಿನ್ನಿಸಿಕೊಳ್ಳುವುದಿಲ್ಲ. ನೋಡಲು ಎಲ್ಲಕ್ಕಿಂತ ಕೊಳಕಾಗಿರುವ ಅಟ್ಟದ ಕಾಸು ಎಷ್ಟೋ ಸಲ ಎಲ್ಲಕ್ಕಿಂತ ಆರೋಗ್ಯವಾಗಿರುತ್ತದೆ.

ಪುಡಿ ಹಸಿರು ಎಂಬ ರೋಗ

ಭಯಪಡಬೇಕಾದದ್ದು ಒಂದಿದೆ. ಅದರ ಬಣ್ಣ ತಿಳಿಹಸಿರು, ಸ್ವಭಾವ ಪುಡಿಪುಡಿ. ಸಂಗ್ರಹಕಾರರು ಇದನ್ನು ಬ್ರಾಂಜ್ ಡಿಸೀಸ್ ಎನ್ನುತ್ತಾರೆ. ಕಂಚಿಗಷ್ಟೇ ಅಲ್ಲ, ಶುದ್ಧ ತಾಮ್ರಕ್ಕೂ ತಗಲುತ್ತದೆ.

ಇದರ ಬೀಜ ಉಪ್ಪು. ಬೆವರಿನಿಂದಲೋ ಕಡಲ ಗಾಳಿಯಿಂದಲೋ ಬಂದ ಕ್ಲೋರೈಡ್ ತಾಮ್ರದೊಂದಿಗೆ ಸೇರಿ ಬೂದು ಬಣ್ಣದ, ಮೇಣದಂಥ ಕ್ಯೂಪ್ರಸ್ ಕ್ಲೋರೈಡ್ ಆಗಿ ಪದರದ ಅಡಿಯಲ್ಲಿ ಅಡಗಿರುತ್ತದೆ. ಒಣ ಹವೆಯಲ್ಲಿ ಅದು ವರ್ಷಗಟ್ಟಲೆ ಸುಮ್ಮನಿರಬಹುದು. ಗಾಳಿಯ ತೇವ ಏರಿದರೆ ಆಮ್ಲಜನಕ ಮತ್ತು ನೀರಿನ ಜೊತೆ ಸೇರಿ ತಿಳಿಹಸಿರು ಪುಡಿಯಾಗುತ್ತದೆ. ಆಗ ಹೈಡ್ರೋಕ್ಲೋರಿಕ್ ಆಮ್ಲವೂ ಹುಟ್ಟುತ್ತದೆ. ಆ ಆಮ್ಲ ಪಕ್ಕದ ತಾಮ್ರವನ್ನು ತಿಂದು ಮತ್ತೆ ಕ್ಲೋರೈಡ್ ಆಗುತ್ತದೆ. ಹೊರಗಿನಿಂದ ಹೊಸ ಉಪ್ಪು ಬೇಕೇ ಇಲ್ಲ, ಚಕ್ರ ತಾನೇ ತಿರುಗುತ್ತಿರುತ್ತದೆ.

ಗಾಳಿಯ ತೇವಾಂಶ ಶೇ 40ರ ಕೆಳಗಿದ್ದರೆ ಈ ಚಕ್ರ ಹೆಚ್ಚುಕಡಿಮೆ ನಿಲ್ಲುತ್ತದೆ. ಶೇ 55 ದಾಟಿದರೆ ಓಡುತ್ತದೆ. ಆಟಿ ತಿಂಗಳಲ್ಲಿ ಬಟ್ಟೆ ವಾರವಾದರೂ ಒಣಗದ ನಮ್ಮ ಕಡೆ ಗಾಳಿ ಎಷ್ಟು ತೇವ ಹೊತ್ತಿರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಅಡಿಕೆಯ ಕೊಳೆರೋಗದಂತೆ ಇದಕ್ಕೂ ಎಡೆಬಿಡದ ಒದ್ದೆಯೇ ಹಬ್ಬದೂಟ.

ಒಂದು ಗಂಟಿನಲ್ಲಿ ಹತ್ತು ಕಾಸಿದ್ದರೆ ಹತ್ತಕ್ಕೂ ಇದು ತಗಲುತ್ತದೆಂದಿಲ್ಲ, ಕ್ಲೋರೈಡ್ ಹೊಕ್ಕ ಕಾಸಿಗೆ ಮಾತ್ರ. ಆದರೆ ಪುಡಿ ಉದುರಿ ಪಕ್ಕದ್ದರ ಮೇಲೆ ಬೀಳುವುದರಿಂದ ಅಂಥದ್ದನ್ನು ಕಂಡ ಕೂಡಲೇ ಬೇರೆ ಇಡಬೇಕು.

ಬಾಕ್ಸ್: ಯಾವ ಬಣ್ಣ, ಏನು ಅರ್ಥ

*ಸಮನಾದ ಕಂದು, ಚಾಕೊಲೇಟ್ ಬಣ್ಣ, ನಯವಾದ ಮೈ:* ಸಹಜ ಬಣ್ಣ. ಮುಟ್ಟಬೇಡಿ.

*ಅಂಚಿನಿಂದ ನಡುವಿಗೆ ಮೆಲ್ಲಗೆ ಬದಲಾಗುವ ನೀಲಿ, ನೇರಳೆ:* ಹೆಚ್ಚಾಗಿ ಸಹಜ.

*ಹೊಳಪುಳ್ಳ ಗಾಢ ಹಸಿರು, ಬಿದಿರು ಕಡ್ಡಿಯಿಂದ ಮೆಲ್ಲಗೆ ಒತ್ತಿದರೂ ಏಳದ್ದು:* ನಿಂತ ಹಸಿರು. ಹಾಗೇ ಇರಲಿ.

*ಪುಡಿಯಾಗಿ ಏಳುವ ತಿಳಿಹಸಿರು, ತೆಗೆದರೂ ಮತ್ತೆ ಬರುವುದು:* ರೋಗ. ಇಂದೇ ಬೇರೆ ಇಡಿ.

*ಜಿಡ್ಡುಜಿಡ್ಡಾದ ಹಸಿರು:* ಎಣ್ಣೆ ಅಥವಾ ಪ್ಲಾಸ್ಟಿಕ್ಕಿನ ಕಾಟ.

*ಕಣ್ಣು ಕೋರೈಸುವ ಕಿತ್ತಳೆ–ಗುಲಾಬಿ, ಅಕ್ಷರದ ಸಂದಿನಲ್ಲಿ ಮಾತ್ರ ಕಪ್ಪು:* ಯಾರೋ ತಿಕ್ಕಿದ್ದಾರೆ.

ಹುಣಸೆಹಣ್ಣು ಮಾಡುವುದೇನು?

ಹುಣಸೆಹಣ್ಣಿನಲ್ಲಿ ಟಾರ್ಟಾರಿಕ್ ಆಮ್ಲ ಇದೆ. ಅದು ಆಕ್ಸೈಡ್ ಪದರವನ್ನು ಕರಗಿಸುತ್ತದೆ. ಹಂಡೆ, ಚೆಂಬು ಫಳಫಳ ಹೊಳೆಯುವುದು ಅದಕ್ಕೇ. ಕೊಡಗಿನ ಕಾಚಂಪುಳಿ, ಕರಾವಳಿಯ ಬಿಂಬುಳಿ, ಪುನರ್ಪುಳಿ ಎಲ್ಲದರ ಕೆಲಸವೂ ಇದೇ. ಜೊತೆಗೆ ಕಲ್ಲುಪ್ಪು ಹಾಕಿದರೆ ಕೆಲಸ ಇನ್ನೂ ಬೇಗ.

ಚೆಂಬಿಗೆ ಇದು ಸರಿ. ಚೆಂಬಿನ ಮೈ ನುಣುಪು. ತೊಳೆದು, ಒರೆಸಿ, ದಿನಾ ಬಳಸುತ್ತೇವೆ. ಸವೆದರೂ ದಪ್ಪ ತಗಡು. ಕಾಸಿನ ಮೈ ಹಾಗಲ್ಲ. ಆನೆಯ ಕಾಲಿನ ಸಂದು, ಅಕ್ಷರದ ಬುಡ, ಅಂಚಿನ ಚುಕ್ಕಿಗಳ ಸಾಲು ಎಲ್ಲೆಲ್ಲೂ ಆ ಉಪ್ಪುನೀರು ಕೂತುಬಿಡುತ್ತದೆ. ಹಬ್ಬದ ದಿನ ಕೆಂಪಗೆ ಹೊಳೆದ ಕಾಸು ಮುಂದಿನ ಮಳೆಗಾಲಕ್ಕೆ ಪುಡಿ ಹಸಿರು ಕಾರುವುದು ಈ ಕಾರಣದಿಂದ. ಕಿಲುಬು ತೆಗೆಯಲು ಹೋಗಿ ಕಿಲುಬಿನ ಬೀಜ ಬಿತ್ತಿದ ಹಾಗಾಯಿತು.

ಬೂದಿ, ಬ್ರಾಸ್ಸೋ, ಪೀತಾಂಬರಿ ಹಾಕಿ ತಿಕ್ಕಿದರೆ ಇನ್ನೊಂದು ನಷ್ಟ. ಅವುಗಳ ಸಣ್ಣ ಕಣಗಳು ಲೋಹವನ್ನೇ ಉಜ್ಜಿ ತೆಗೆಯುತ್ತವೆ. ಟಂಕಸಾಲೆಯ ಒತ್ತಡದಲ್ಲಿ ಲೋಹ ಹರಿದು ಮೂಡಿದ ಸೂಕ್ಷ್ಮ ಗೆರೆಗಳಿಂದ ಹೊಸ ನಾಣ್ಯಕ್ಕೆ ಅದರದೇ ಆದ ಒಂದು ಹೊಳಪು ಬಂದಿರುತ್ತದೆ. ಕಾಸನ್ನು ಬೆಳಕಿನಡಿ ಓಲಾಡಿಸಿದರೆ ಆ ಹೊಳಪು ಚಕ್ರದಂತೆ ತಿರುಗುವುದು ಕಾಣುತ್ತದೆ. ಕಂದು ಬಣ್ಣ ಬಂದ ಮೇಲೂ ಅದು ಅಡಿಯಲ್ಲಿ ಉಳಿದಿರುತ್ತದೆ. ತಿಕ್ಕಿದ ಮೇಲೆ ಹೋಯಿತು. ಕೆಲವು ವರ್ಷಕ್ಕೆ ಬಣ್ಣ ಮರಳಿ ಬರಬಹುದು, ಆ ಗೆರೆಗಳು ಬರುವುದಿಲ್ಲ.

ತೆಂಗಿನೆಣ್ಣೆ ಸವರಿಡುವವರೂ ಇದ್ದಾರೆ. ಹಿತ್ತಾಳೆಯ ದೀಪದ ಬುಡದಲ್ಲಿ ಹಳೆ ಎಣ್ಣೆ ನಿಂತಲ್ಲಿ ಹಸಿರು ಜಿಡ್ಡು ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಎಣ್ಣೆ ಹಳಸಿದಾಗ ಬಿಡುವ ಕೊಬ್ಬಿನಾಮ್ಲ ತಾಮ್ರದೊಂದಿಗೆ ಸೇರಿ ಆಗುವ ಜಿಡ್ಡು ಅದು. ಕಾಸಿಗೂ ಅದೇ ಗತಿ.

ಭೂತಗನ್ನಡಿಯ ಕೆಳಗೆ ಒಂದು ಕಾಲಾಣೆ

ಮುಡಿಪಿನ ಗಂಟಿನ 1835ರ ಕಾಲಾಣೆಯನ್ನು ಕೈಗೆತ್ತಿಕೊಳ್ಳೋಣ. ಅಂಚಿನಲ್ಲಿ ಹಿಡಿಯಬೇಕು, ಮುಖಕ್ಕೆ ಬೆರಳು ತಾಗಬಾರದು. ಬೆರಳಿನ ಬೆವರಿನ ಉಪ್ಪು, ಎಣ್ಣೆ ಸೇರಿ ತಾಮ್ರದ ಮೇಲೆ ಗುರುತು ಕೊರೆದುಬಿಡುತ್ತವೆ. ಹೊಸದರಲ್ಲಿ ಯಾರೋ ಒತ್ತಿದ ಹೆಬ್ಬೆಟ್ಟು ಶತಮಾನದ ಮೇಲೂ ಓದಲು ಬರುವಂಥ ಕಾಸುಗಳಿವೆ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ಬೆಳಕು ಮೇಲಿನಿಂದ ಬೇಡ, ಒಂದು ಬದಿಯಿಂದ ಓರೆಯಾಗಿ ಬೀಳಲಿ. ಕಿಟಕಿಯ ಬೆಳಗಿನ ಬೆಳಕು ಬಹಳ ಒಳ್ಳೆಯದು.

ಈ ಕಾಸಿನ ಒಂದು ಮುಖದಲ್ಲಿ ಕಂಪನಿಯ ಲಾಂಛನ, ಎರಡು ಬದಿಗೆ ಸಿಂಹ. ಸಿಂಹಗಳ ಬೆನ್ನು ತಿಳಿಗಂದು, ಬಯಲು ಗಾಢ ಕಂದು, ಅಕ್ಷರಗಳ ಬುಡ ಇನ್ನೂ ಗಾಢ. ಸರಿಯಾಗಿಯೇ ಇದೆ. ಕೈಯಿಂದ ಕೈಗೆ ಓಡಾಡುವಾಗ ಎತ್ತರದ ಭಾಗ ಉಜ್ಜಿಕೊಂಡು ತಿಳಿಯಾಗಿದೆ, ತಗ್ಗಿನಲ್ಲಿ ಬಣ್ಣ ನಿಂತಿದೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಎಲ್ಲೂ ಗೆರೆ ಎಳೆದಂತೆ ಕಡಿದಿಲ್ಲ.

ಲಾಂಛನದ ಅಡಿಯಲ್ಲಿ ಒಂದು ಗೀರು. ಗೀರಿನೊಳಗೂ ಸುತ್ತಲಿನ ಕಂದೇ ಇದೆ. ಹಾಗಾದರೆ ಗೀರು ಹಳೆಯದು, ಬಣ್ಣ ಅದರ ಮೇಲೆ ನಿಧಾನವಾಗಿ ಬಂದದ್ದು. ಗೀರಿನೊಳಗೆ ಹಸಿ ಕೆಂಪು ಕಂಡಿದ್ದರೆ ಅದು ನಿನ್ನೆ ಮೊನ್ನೆಯದು.

ಇನ್ನೊಂದು ಮುಖದ ಎಲೆಹಾರದ ಬಳಿ ಸಾಸಿವೆಗಿಂತ ಚಿಕ್ಕ ಹಸಿರು ಚುಕ್ಕೆ. ಓರೆ ಬೆಳಕಿನಲ್ಲಿ ನೋಡಿದರೆ ಚುಕ್ಕೆ ಉಬ್ಬಿದೆ, ಸುತ್ತ ಸಣ್ಣ ಗುಳಿ. ಬಿದಿರಿನ ಹಲ್ಲುಕಡ್ಡಿಯ ತುದಿ ತಾಗಿಸಿದಾಗ ಪುಡಿ ಎದ್ದಿತು. ಅಡಿಯಲ್ಲಿ ಅಕ್ಷರದ ಕಾಲು ಇರಬೇಕಾದ ಜಾಗದಲ್ಲಿ ಲೋಹವೇ ಇಲ್ಲ.

ಒಂದೇ ಕಾಸಿನಲ್ಲಿ ಎರಡೂ ಸಿಕ್ಕವು. ಸಿಂಹದ ಸುತ್ತಲಿನ ಕಂದು ಲೋಹದ *ಮೇಲೆ* ಕೂತಿದೆ, ಅದರಡಿಯಲ್ಲಿ ಚಿತ್ತಾರದ ಒಂದು ಗೆರೆಯೂ ಕೆಟ್ಟಿಲ್ಲ. ಹಸಿರು ಚುಕ್ಕೆ ಲೋಹದ *ಒಳಗೆ* ಇಳಿದಿದೆ. ಯಾವ ಬಣ್ಣ ಎಂಬುದಕ್ಕಿಂತ, ಆ ಬಣ್ಣದ ಅಡಿಯಲ್ಲಿ ಮೂಲ ಮೈ ಉಳಿದಿದೆಯೇ ಎಂಬುದೇ ನೋಡಬೇಕಾದ್ದು.

ಬಾಕ್ಸ್: ತಕ್ಕಡಿಯ ಸಾಕ್ಷಿ

ಚಿನ್ನ ತೂಗುವ ಸಣ್ಣ ಡಿಜಿಟಲ್ ತಕ್ಕಡಿಯೂ ಹೇಳುತ್ತದೆ. 1835ರ ಕಾಲಾಣೆಯ ನಿಗದಿತ ತೂಕ 100 ಗ್ರೇನ್, ಅಂದರೆ 6.48 ಗ್ರಾಂ. ಅರ್ಧ ಆಣೆ 12.95 ಗ್ರಾಂ. ಆಣೆಯ ಹನ್ನೆರಡನೇ ಒಂದು ಪಾಲಿನ ಕಾಸು 2.16 ಗ್ರಾಂ. ಬಣ್ಣ ಬಂದ ಮಾತ್ರಕ್ಕೆ ತೂಕ ಗೊತ್ತಾಗುವಷ್ಟು ಇಳಿಯುವುದಿಲ್ಲ. ಚಿತ್ತಾರ ಸವೆಯದೆಯೂ ತೂಕ ಬಹಳ ಕಡಿಮೆ ಬಂದರೆ ಲೋಹ ಕರಗಿದೆ, ಇಲ್ಲವೇ ಕಾಸೇ ನಕಲಿ. 1906ರಿಂದ ಕಾಲಾಣೆಯನ್ನು ಕಂಚಿನಲ್ಲಿ 4.86 ಗ್ರಾಂಗೆ ಇಳಿಸಲಾಯಿತು, ಹಾಗಾಗಿ ಆಮೇಲಿನವು ಹಗುರ ಬಂದರೆ ಗಾಬರಿ ಬೇಡ.

ಬೇಯಿಸಿದ ಬಣ್ಣ

ಸಹಜ ಬಣ್ಣಕ್ಕೆ ಬೆಲೆ ಬಂದ ಮೇಲೆ ಅದನ್ನು ನಕಲು ಮಾಡುವವರೂ ಬಂದರು. ತಿಕ್ಕಿ ಹಾಳಾದ ಕಾಸನ್ನು ಬಿಸಿ ಮಾಡುತ್ತಾರೆ, ಗಂಧಕದ ಹೊಗೆ ಹಾಕುತ್ತಾರೆ, ಬೇಯಿಸಿದ ಮೊಟ್ಟೆಯ ಜೊತೆ ಮುಚ್ಚಿಡುತ್ತಾರೆ. ಮೊಟ್ಟೆಯಲ್ಲೂ ಗಂಧಕವಿದೆ.

ಅಂಥ ಬಣ್ಣ ಅವಸರದ್ದು. ತಗ್ಗು, ದಿಣ್ಣೆ ನೋಡದೆ ಎಲ್ಲೆಡೆ ಒಂದೇ ಥರ ಬಳಿದಂತೆ ಇರುತ್ತದೆ, ಇಲ್ಲವೇ ಮಸಿ ಚೆಲ್ಲಿದಂತೆ ಮಡುಗಟ್ಟಿರುತ್ತದೆ. ತಿಕ್ಕಿದ ಗೀರುಗಳು ಬಣ್ಣದಡಿಯಲ್ಲಿ ಸಾಲುಸಾಲಾಗಿ ಕಾಣುತ್ತವೆ. ಓಲಾಡಿಸಿದರೆ ಹೊಳಪು ತಿರುಗುವುದಿಲ್ಲ, ಮೈ ಸತ್ತಂತೆ ಇರುತ್ತದೆ.

ಜಗತ್ತಿನ ನಾಣ್ಯ ಮಾರುಕಟ್ಟೆ ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದೆ ಎಂದರೆ, ಇಂದು ಎಲ್ಲೆಡೆ ಬಳಸುವ 1ರಿಂದ 70ರ ದರ್ಜೆಯ ಅಳತೆಗೋಲು ಹುಟ್ಟಿದ್ದೇ ತಾಮ್ರದ ಕಾಸಿಗಾಗಿ. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ಅಲ್ಲಿನ ಹಳೆಯ ದೊಡ್ಡ ಸೆಂಟ್‌ಗಳಿಗೆಂದು ಮಾಡಿದ್ದು ಅದು. ಈಗ ದರ್ಜೆಯ ಜೊತೆ ಬಣ್ಣವನ್ನೂ ಕೆಂಪು, ಕೆಂಪುಗಂದು, ಕಂದು ಎಂದು ಬೇರೆಯಾಗಿ ಬರೆಯುತ್ತಾರೆ. ಕಂದು ಎಂದರೆ ಕಳಪೆ ಎಂದಲ್ಲ. ತಿಕ್ಕಿ ಕೆಂಪಾಗಿಸಿದ ಕಾಸಿಗಿಂತ ಮುಟ್ಟದ ಕಂದು ಕಾಸಿಗೇ ಬಲ್ಲವರು ಹೆಚ್ಚು ಕೊಡುತ್ತಾರೆ.

ಬಾಕ್ಸ್: ಅಕ್ಕಿ ಎಳೆಯುವ ಕಾಸು ಇಲ್ಲ

1818ರ ಇಸವಿ, ಒಂದು ಬದಿಗೆ ಕಂಪನಿಯ ಹೆಸರು, ಇನ್ನೊಂದು ಬದಿಗೆ ರಾಮ, ಸೀತೆ ಅಥವಾ ಹನುಮಂತ. ಇಂಥ ಕಪ್ಪು ಕಾಸನ್ನು ಕಂಪನಿ ಎಂದೂ ಅಚ್ಚು ಹಾಕಿಲ್ಲ. ಇವನ್ನು ಆಮೇಲೆ ಯಾರೋ ತಯಾರಿಸಿ, ಹಳತೆಂದು ತೋರಲು ಬಣ್ಣ ಹಿಡಿಸಿದ್ದಾರೆ. 'ಅಕ್ಕಿ ಎಳೆಯುತ್ತದೆ, ಕೋಟಿ ಬೆಲೆ' ಎಂದು ನಂಬಿಸುವ ರೈಸ್ ಪುಲ್ಲಿಂಗ್ ವಂಚಕರ ಕೈಯಲ್ಲಿ ಹೆಚ್ಚಾಗಿ ಇರುವುದು ಇವೇ. ತಾಮ್ರ ಅಕ್ಕಿಯನ್ನೂ ಎಳೆಯದು, ಕಬ್ಬಿಣವನ್ನೂ ಎಳೆಯದು. ಹಳೆ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡಿಸುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ತನ್ನ ಹೆಸರು ಬಳಸಿ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಮಣ್ಣಿನಡಿ ನಿಧಿಯಾಗಿ ಸಿಕ್ಕ ನಾಣ್ಯಗಳ ವಿಷಯವನ್ನು ಕಾನೂನಿನ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಒಂದೇ ಹಡಗು, ಎರಡು ಹಣೆಬರಹ

ಇಟ್ಟ ಜಾಗ ಕಾಸಿಗೆ ಏನು ಮಾಡುತ್ತದೆ ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಕಡಲಿನದು. ಮದ್ರಾಸ್ ಪ್ರಾಂತಕ್ಕೆ ಬೇಕಾದ 20 ಕಾಸು, 10 ಕಾಸಿನ ತಾಮ್ರದ ನಾಣ್ಯಗಳನ್ನು ಕಂಪನಿ ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ ಉಗಿಯಂತ್ರದಿಂದ ಅಚ್ಚು ಹಾಕಿಸುತ್ತಿತ್ತು. ಒಂದು ಮುಖದಲ್ಲಿ ಸಿಂಹಗಳ ಲಾಂಛನ, ಇನ್ನೊಂದರಲ್ಲಿ 'ಇಪ್ಪತ್ತು ಕಾಸು ನಾಲ್ಕು ಫಲೂಸ್' ಎಂಬ ಪಾರಸಿ ಬರಹ.

1808ರ ಇಸವಿಯ ಅಂಥ ಕಾಸುಗಳನ್ನು ಟನ್‌ಗಟ್ಟಲೆ ಹೊತ್ತು ಮದ್ರಾಸಿಗೆ ಹೊರಟ 'ಅಡ್ಮಿರಲ್ ಗಾರ್ಡನರ್' ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಗುಡ್‌ವಿನ್ ಮರಳದಿಬ್ಬಕ್ಕೆ ಸಿಕ್ಕಿ ಮುಳುಗಿತು. 1980ರ ದಶಕದಲ್ಲಿ ಮುಳುಗುಗಾರರು ಲಕ್ಷಾಂತರ ಕಾಸುಗಳನ್ನು ಮೇಲೆ ತಂದರು.

ಅವುಗಳಲ್ಲಿ ಮೇಣದಂಥ ಪದಾರ್ಥದಲ್ಲಿ ಮುಚ್ಚಿದ್ದ ಪೀಪಾಯಿಗಳ ಒಳಗಿನವು ಹೊಸದರಂತೆ ಕೆಂಪು ಹೊಳಪು ಉಳಿಸಿಕೊಂಡಿದ್ದವು. ಉಪ್ಪುನೀರು ಹೊಕ್ಕ ಕಡೆಯವು ಒಂದಕ್ಕೊಂದು ಅಂಟಿ ಕಲ್ಲುಗಡ್ಡೆಯಾಗಿದ್ದವು. ಒಂದೇ ಅಚ್ಚು, ಒಂದೇ ಲೋಹ, ಒಂದೇ ಕಡಲು. ನೀರು ಮುಟ್ಟಿತೋ ಇಲ್ಲವೋ ಎಂಬುದಷ್ಟೇ ವ್ಯತ್ಯಾಸ. ಇಂಥ ಒಂದು 20 ಕಾಸು ಕೈಗೆ ಬಂದಾಗ ಕೆಂಪಗಿದೆ ಎಂದು ತಿಕ್ಕಿದ್ದೆಂದು ತಳ್ಳಿಹಾಕಬಾರದು, ಗುಳಿ ಬಿದ್ದಿದೆ ಎಂದು ನಮ್ಮ ಮಣ್ಣಿನದ್ದೆಂದೂ ಹೇಳಬಾರದು. ಮೈ ನೋಡುವುದರ ಜೊತೆಗೆ ಎಲ್ಲಿಂದ ಬಂತೆಂದು ಕೇಳಲೇಬೇಕು.

ಸಂಪಾಜೆಯ ಮಳೆಯಲ್ಲಿ ಕಾಪಾಡುವುದು

ನಮ್ಮ ಕಡೆಯ ಮನೆಗಳಲ್ಲಿ ಕಾಸಿಗೆ ಕೆಲವು ಗುಪ್ತ ಶತ್ರುಗಳಿವೆ. ರಬ್ಬರ್ ತೋಟವಿದ್ದವರ ಮನೆಯಲ್ಲಿ ಹಾಲು ಹೆಪ್ಪುಗಟ್ಟಿಸಲು ತಂದ ಫಾರ್ಮಿಕ್ ಆಸಿಡ್ ಕ್ಯಾನು ಇರುತ್ತದೆ. ಅದರ ಆವಿ ತಾಮ್ರವನ್ನು ತಿನ್ನುತ್ತದೆ. ಆ ಕೋಣೆಯಲ್ಲಿ ಕಾಸಿನ ಪೆಟ್ಟಿಗೆ ಬೇಡ. ರಬ್ಬರ್ ಬ್ಯಾಂಡಿನಲ್ಲಿ ಗಂಧಕವಿದೆ, ಸುತ್ತಿಟ್ಟರೆ ಕಾಸಿನ ಮೇಲೆ ಕಪ್ಪು ಪಟ್ಟಿ ಬೀಳುತ್ತದೆ. ಪೇಟೆಯಲ್ಲಿ ಸಿಗುವ ಮೆತ್ತನೆಯ ಪಿವಿಸಿ ಆಲ್ಬಮ್ಮು ಸೆಕೆಗೆ ಬೆವರಿ ಆಮ್ಲ ಬಿಡುತ್ತದೆ, ಹಸಿರು ಜಿಡ್ಡು ಕಟ್ಟುತ್ತದೆ. ಹೊಸ ಪ್ಲೈವುಡ್ ಪೆಟ್ಟಿಗೆಯೂ ಆಮ್ಲದ ಆವಿ ಬಿಡುತ್ತದೆ.

ಪ್ರತಿ ಕಾಸನ್ನು ಪಾಲಿಯೆಸ್ಟರ್ ಕಿಟಕಿಯ ರಟ್ಟಿನ ಚೌಕದಲ್ಲೋ ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲೋ ಬೇರೆ ಬೇರೆಯಾಗಿ ಇಡಿ. ಅವೆಲ್ಲವನ್ನೂ ಗಾಳಿಯಾಡದ ಡಬ್ಬಿಗೆ ಹಾಕಿ, ಜೊತೆಗೆ ಸಿಲಿಕಾ ಜೆಲ್ ಇರಲಿ. ಜೆಲ್ ತೇವ ಹೀರಿ ದಣಿದಾಗ ಕಾಯಿಸಿ ಮತ್ತೆ ಬಳಸಬಹುದು. ಮೇ ಕೊನೆಗೆ ಒಮ್ಮೆ, ಆಟಿಯಲ್ಲಿ ಮಳೆ ಬಿಡುವು ಕೊಟ್ಟ ದಿನ ಒಮ್ಮೆ ಬದಲಿಸಿದರೆ ಸಾಕಾಗುತ್ತದೆ.

ಧೂಳು, ಕೆಸರು ಇದ್ದರೆ ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಸಿ, ಉಜ್ಜದೆ, ಮೆತ್ತನೆಯ ಬಟ್ಟೆಯಲ್ಲಿ ಒತ್ತಿ, ಚೆನ್ನಾಗಿ ಒಣಗಿಸಿ. ಜಿಡ್ಡಿಗೆ ಶುದ್ಧ ಅಸಿಟೋನ್ ಆಗುತ್ತದೆ. ಬೆಂಕಿ ಹತ್ತಿರ ಇರಬಾರದು, ಕಿಟಕಿ ತೆರೆದಿರಬೇಕು. ಹೊಳೆ ಮನೆಗೆ ನುಗ್ಗಿ ಪೆಟ್ಟಿಗೆ ಕೆಸರಾದವರು ಮೊದಲು ಮಾಡಬೇಕಾದ್ದು ಇದೇ: ತೊಳೆದು ಒಣಗಿಸುವುದು, ಕಲೆಗಳ ಯೋಚನೆ ಆಮೇಲೆ.

ಪುಡಿ ಹಸಿರು ಹಿಡಿದ ಕಾಸಿಗೆ ಮನೆಮದ್ದು ಬೇಡ. ಸಂರಕ್ಷಣಾ ಪ್ರಯೋಗಾಲಯಗಳು ಕ್ಲೋರೈಡನ್ನು ಕ್ಷಾರದ ದ್ರಾವಣದಲ್ಲಿ ವಾರಗಟ್ಟಲೆ ನೆನೆಸಿ ಹೊರಗೆ ಎಳೆಯುತ್ತವೆ. 1967ರಿಂದ ಬಳಕೆಗೆ ಬಂದ ಬೆಂಜೋಟ್ರಯಜೋಲ್ ಎಂಬ ರಾಸಾಯನಿಕದಿಂದ ಉಳಿದ ತಾಮ್ರವನ್ನು ಕಟ್ಟಿಹಾಕುತ್ತವೆ. ಅದು ಮೈಗೆ ಒಳ್ಳೆಯದಲ್ಲ, ತಿಳಿದವರೇ ಮಾಡಬೇಕು. ಲಕ್ನೋದ ರಾಷ್ಟ್ರೀಯ ಸಂರಕ್ಷಣಾ ಸಂಶೋಧನಾ ಪ್ರಯೋಗಾಲಯದ ಶಾಖೆ ನಮ್ಮ ಮೈಸೂರಿನಲ್ಲೇ ಇದೆ. ಅಲ್ಲಿ ಸಲಹೆ ಸಿಗುವವರೆಗೆ ಒಣ ಡಬ್ಬಿಯೇ ಆ ಕಾಸಿಗೆ ಆಸ್ಪತ್ರೆ.

ಇನ್ನು ಹಬ್ಬದ ಪೂಜೆಯ ಮಾತು. ಹಿರಿಯರು ಕಟ್ಟಿಟ್ಟ ಕಾಸನ್ನು ದೇವರೆದುರು ಇಡಬೇಡಿ ಎನ್ನಲು ನನಗೆ ಮನಸ್ಸಿಲ್ಲ, ಹಾಗೆ ಹೇಳುವುದು ಸರಿಯೂ ಅಲ್ಲ. ಪಂಚಾಮೃತ, ಎಳನೀರು, ಒದ್ದೆ ಕುಂಕುಮ ತಾಮ್ರಕ್ಕೆ ತಾಗಬಾರದು ಅಷ್ಟೆ. ಮೊಸರು, ಜೇನುತುಪ್ಪ ಹುಳಿ. ಎಳನೀರಿನಲ್ಲಿ ಕ್ಲೋರೈಡ್ ಇದೆ. ಹಳೆಯ ಕಾಸುಗಳನ್ನು ಗಾಜಿನ ಮುಚ್ಚಳದ ಸಣ್ಣ ಡಬ್ಬಿಯಲ್ಲಿಟ್ಟು ಮುಚ್ಚಳದ ಮೇಲೆ ಹೂವು, ಅಕ್ಷತೆ ಹಾಕಬಹುದು. ಅಭಿಷೇಕಕ್ಕೆ ಇಂದಿನ ಹತ್ತು ರೂಪಾಯಿ ನಾಣ್ಯ ಇದೆ. ಪೂಜೆ ಮುಗಿದ ಸಂಜೆಯೇ ಡಬ್ಬಿಯನ್ನು ಸಿಲಿಕಾ ಜೆಲ್ ಇರುವ ಪೆಟ್ಟಿಗೆಗೆ ಮರಳಿಸಿ, ಮೇಲೊಂದು ಚೀಟಿ ಅಂಟಿಸಿ: ಯಾರು ಕಟ್ಟಿದ ಮುಡಿಪು, ಯಾವ ದೇವರಿಗೆ, ಯಾವ ಕೋಣೆಯಲ್ಲಿತ್ತು, ಎಂದು ತೆರೆದೆವು.